ಆಫ್ರಿಕಾದಲ್ಲಿ ಹತ್ತು ರಾತ್ರಿಯ ಬಿಡಾರ

ನೀವು ಲಾಡ್ಜಿನಲ್ಲಿ ಎಷ್ಟು ಸಲ ಉಳಿದಿದ್ದೀರಿ? ನಾನಂತೂ ನಲವತ್ನಾಲ್ಕು ವರ್ಷದ ಆಯುಷ್ಯದಲ್ಲಿ ಲೆಕ್ಕ ಹಾಕಿ ಮೂರೇ ರಾತ್ರಿ. ಎರಡು ರಾತ್ರಿ ಹುಬ್ಬಳ್ಳಿಯಲ್ಲಿ, ಮಾವನವರ ಕಣ್ಣಿನ ಆಪರೇಷನ್ನಿಗೆ ಹೋದಾಗ. ಒಂದು ರಾತ್ರಿ ಹೊಸಪೇಟೆಯಲ್ಲಿ, ಹಂಪಿ ನೋಡಲು ಹೋಗಿ ಕೊನೆಯ ಬಸ್ಸು ತಪ್ಪಿಸಿಕೊಂಡಾಗ. ಉಳಿದಂತೆ ಹೋದಲ್ಲೆಲ್ಲ ನೆಂಟರ ಮನೆ, ಇಲ್ಲದಿದ್ದರೆ ದೇವಸ್ಥಾನದ ಛತ್ರ. ಕೋಣೆಗೆ ಕಾಲಿಟ್ಟ ಕೂಡಲೇ ಮನೆಯಿಂದ ತಂದ ಚಾದರವನ್ನು ಹಾಸಿಗೆಯ ಮೇಲೆ ಹಾಸಿ, ನಲ್ಲಿ ತಿರುವಿ ನೀರು ಬರುತ್ತದೆಯೇ ನೋಡಿ, ಬಾಗಿಲ ಚಿಲಕವನ್ನು ಎರಡೆರಡು ಸಲ ಎಳೆದು ನೋಡುವ ಪೈಕಿ ನಾನು.

ಅಂಥವಳು ಈಗ ಹತ್ತು ರಾತ್ರಿಗೆ ಒಂದು ಹೋಟೆಲಿನ ಕೋಣೆ ಗೊತ್ತು ಮಾಡಿದ್ದೇನೆ. ಎಲ್ಲಿ ಅಂತೀರಿ? ಅಕ್ರಾದಲ್ಲಿ! ಪಶ್ಚಿಮ ಆಫ್ರಿಕಾದ ಘಾನಾ ದೇಶದ ರಾಜಧಾನಿ ಅದು.

"ನಿನಗೇನು ಹುಚ್ಚು ಹಿಡಿದಿದೆಯೇ?" ಅಂತ ದಯವಿಟ್ಟು ನೀವು ಕೇಳಬೇಡಿ. ನಮ್ಮ ಅತ್ತೆಯವರಿಂದ ಹಿಡಿದು ಹಾಲು ಹಾಕುವವನವರೆಗೆ ಎಲ್ಲರೂ ಕೇಳಿ ಮುಗಿಸಿದ್ದಾರೆ.

ನಮ್ಮೂರು ಕುಮಾರಪಟ್ಟಣ. ತುಂಗಭದ್ರೆಯ ಈ ದಡದಲ್ಲಿ ನಾವು, ಆ ದಡದಲ್ಲಿ ಹರಿಹರ. ಸೇತುವೆ ದಾಟಿದರೆ ಜಿಲ್ಲೆಯೇ ಬದಲು. 1970ರ ದಶಕದಲ್ಲಿ ಇಲ್ಲಿ ನೀಲಗಿರಿ ಕಟ್ಟಿಗೆಯಿಂದ ರೇಯಾನ್ ತಿರುಳು ತೆಗೆಯುವ ದೊಡ್ಡ ಕಾರ್ಖಾನೆ ಬಂತು, ಅದರ ಸುತ್ತ ಊರು ಬೆಳೆಯಿತು. ಇಲ್ಲಿಯ ಗಂಡುಮಕ್ಕಳು ಫಿಟ್ಟರ್, ವೆಲ್ಡರ್, ಟರ್ನರ್ ಅಂತ ಕೈಕೆಲಸ ಕಲಿತು, ಕೆಲವರು ಇಲ್ಲೇ ಉಳಿದರು, ಕೆಲವರು ಗಲ್ಫಿಗೆ ಹೋದರು. ನಮ್ಮವರು ಫಿಟ್ಟರ್. ಅವರು ಹೋದದ್ದು ಘಾನಾಕ್ಕೆ. ಅಕ್ರಾದ ಪೂರ್ವಕ್ಕಿರುವ ಟೇಮಾ ಎಂಬ ಬಂದರಿನ ಊರಿನಲ್ಲಿ ಕಬ್ಬಿಣ ಕರಗಿಸುವ ಒಂದು ಕಾರ್ಖಾನೆಯಲ್ಲಿ ಕೆಲಸ. ಮೂರು ವರ್ಷದ ಕರಾರು, ನಡುವೆ ಒಂದೇ ಸಲ ಊರಿಗೆ ಬಂದು ಹೋಗುವ ಟಿಕೆಟ್ಟು. ಮೊದಲ ವರ್ಷವೇ ಮಾವನವರು ತೀರಿಕೊಂಡರು, ಆ ಟಿಕೆಟ್ಟು ಅದಕ್ಕೇ ಮುಗಿಯಿತು. ಬಂದ ಹನ್ನೊಂದು ದಿನವೂ ಮನೆ ತುಂಬ ಜನ. ನಾವಿಬ್ಬರೂ ಕೂತು ನಾಲ್ಕು ಮಾತಾಡಿದ್ದು ನನಗೆ ನೆನಪಿಲ್ಲ.

ಹೋದ ಮೇಲೆ ಫೋನು. ನಮಗೂ ಅವರಿಗೂ ಐದೂವರೆ ತಾಸಿನ ಅಂತರ. ಇಲ್ಲಿ ರಾತ್ರಿ ಹತ್ತೂವರೆ ಆದಾಗ ಅಲ್ಲಿ ಸಂಜೆ ಐದು, ಡ್ಯೂಟಿ ಬಿಡುವ ಹೊತ್ತು.

"ಊಟ ಆತು?"

"ಆತು. ನಿಮ್ದು?"

"ಇಲ್ಲಿನ್ನೂ ಸಂಜಿ ಅಲ್ಲೇನ."

"ಹೌದಲ್ಲಾ. ಮತ್ತೇನು?"

"ಏನಿಲ್ಲ."

ಇಷ್ಟೇ ನೋಡಿ. ದುಡ್ಡು ತಿಂಗಳಿಗೆ ಸರಿಯಾಗಿ ಬರುತ್ತಿತ್ತು, ಮಾತು ಮಾತ್ರ ದಿನದಿಂದ ದಿನಕ್ಕೆ ಸವೆಯುತ್ತಿತ್ತು. ಗಂಡಂದಿರು ದೂರದ ದೇಶದಲ್ಲಿರುವ ಸೋದರಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿರುವಾಗ ಒಂದು ದಿನ ಸಂತೆಯಲ್ಲಿ ಹರಿಹರದ ಒಬ್ಬ ಹೆಂಗಸು ಸಿಕ್ಕರು. ಅವರ ಯಜಮಾನರೂ ಅದೇ ಕಾರ್ಖಾನೆಯಲ್ಲಿದ್ದಾರೆ. ಬದನೆಕಾಯಿ ಆರಿಸುತ್ತಾ, "ನಿಮ್ಮೋರು ಈಗ ಆರಾಮ ಅದಾರೇನ್ರೀ? ಎರಡನೇ ಸಲ ಮಲೇರಿಯಾ ಬಂದಾಗ ಸಲಾಯಿನ್ ಹಚ್ಚಿದ್ರಂತಲ್ಲ," ಅಂದರು.

ಎರಡನೇ ಸಲ! ನನಗೆ ಮೊದಲನೆಯದೇ ಗೊತ್ತಿರಲಿಲ್ಲ. ಬದನೆಕಾಯಿ ಅಲ್ಲೇ ಬಿಟ್ಟು ಮನೆಗೆ ಬಂದೆ.

ಆ ರಾತ್ರಿ ಕೇಳಿದೆ. "ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಏನ್ ಮಾಡ್ತಿದ್ದಿ? ಅಳತಿದ್ದಿ."

ಎರಡು ದಿನ ನಾನು ಫೋನ್ ಎತ್ತಲಿಲ್ಲ. ಮೂರನೆಯ ದಿನ ಎತ್ತಿ, "ನಾ ಅಲ್ಲಿಗೆ ಬರ್ತೀನಿ," ಅಂದೆ. ಅವರು ನಕ್ಕರು.

"ಬಂದು ಎಲ್ಲಿ ಇರ್ತಿ? ನಮ್ಮ ಕೋಣ್ಯಾಗ ನಾಲ್ಕು ಮಂದಿ ಅದೀವಿ."

"ಆ ಊರಾಗ ಲಾಡ್ಜ್ ಇಲ್ಲೇನು?"

ಸಿಟ್ಟಿನಲ್ಲಿ ಆಡಿದ ಮಾತು ಅದು. ಆದರೆ ಆಡಿದ ಮೇಲೆ ಅನ್ನಿಸಿತು, ಯಾಕಾಗಬಾರದು?

ಐದು ವರ್ಷದಿಂದ ಕಟ್ಟುತ್ತಿದ್ದ ಚೀಟಿ ಒಂದು ಲಕ್ಷಕ್ಕೆ ಎತ್ತಿದೆ. ಮಗಳ ಮದುವೆಗೆ ಅಂತ ಇಟ್ಟುಕೊಂಡದ್ದು. ಮಗಳು ದಾವಣಗೆರೆಯಲ್ಲಿ ನರ್ಸಿಂಗ್ ಓದುತ್ತಾಳೆ. "ನನ್ನ ಮದುವಿ ಎಲ್ಲೂ ಓಡಿ ಹೋಗಂಗಿಲ್ಲ, ನೀ ಹೋಗಿ ಬಾರವ್ವಾ," ಅಂತ ಅವಳೇ ಧೈರ್ಯ ಕೊಟ್ಟಳು. ಟಿಕೆಟ್ಟು, ಪಾಸ್‌ಪೋರ್ಟು, ವೀಸಾ ನನ್ನ ಚೀಟಿಯದು, ಕೋಣೆಯ ಬಾಡಿಗೆ ಅವರ ಓವರ್‌ಟೈಮಿನದು ಅಂತ ಕರಾರಾಯಿತು.

ಅತ್ತೆಯವರದು ಬೇರೆಯೇ ಚಿಂತೆ. "ಅಲ್ಲಿ ಮನುಷ್ಯಾರು ಹ್ಯಾಂಗ ಇರ್ತಾರೋ ಏನೋ, ದೇವರು ದಿಂಡರು ಅದಾವೋ ಇಲ್ಲೋ." ಅವರನ್ನೇನು ಅನ್ನಲಿ? ನನ್ನ ತಲೆಯಲ್ಲೂ ಆಫ್ರಿಕಾ ಅಂದರೆ ಸಿಂಹ ಮತ್ತು ಕಾಡು, ಅಷ್ಟೇ ಇತ್ತು. ಮಗಳು ಮೊಬೈಲಿನಲ್ಲಿ ಹುಡುಕಿ ಅಜ್ಜಿಗೆ ಓದಿ ಹೇಳಿದಳು. ಅಕ್ರಾದ ಒಡೋರ್ಕೊರ್ ಎಂಬಲ್ಲಿ ಹಿಂದೂ ಮಠವಿದೆ. ಕಟ್ಟಿಸಿದವರು ನಮ್ಮ ಕಡೆಯಿಂದ ಹೋದವರಲ್ಲ. ಘಾನಾದಲ್ಲೇ ಹುಟ್ಟಿ, ಋಷಿಕೇಶಕ್ಕೆ ಬಂದು ಕಲಿತು, ಮರಳಿ ಹೋಗಿ 1975ರಲ್ಲಿ ಮಠ ಸ್ಥಾಪಿಸಿದ ಘನಾನಂದ ಸರಸ್ವತಿ ಸ್ವಾಮಿಗಳು. 2016ರಲ್ಲಿ ಅವರು ತೀರಿಕೊಂಡರು. ಅತ್ತೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಠ ಐತೇನು? ಹಂಗಾದ್ರ ಹೋಗಿ ಬಾ," ಅಂದರು.

ಇನ್ನು ಪ್ರಯಾಣದ ಸಿದ್ಧತೆ. ಹುಬ್ಬಳ್ಳಿಯಲ್ಲಿ ಪಾಸ್‌ಪೋರ್ಟ್ ಮಾಡಿಸಿದೆ. ಘಾನಾದ ವೀಸಾ ಕೊಡುವವರು ದೆಹಲಿಯಲ್ಲಿರುವ ಅವರ ಹೈಕಮಿಷನ್ನಿನವರು. ಎಲ್ಲಿ ಉಳಿಯುತ್ತೀರಿ ಅನ್ನುವುದಕ್ಕೆ ಹೋಟೆಲಿನ ಪತ್ರವೋ, ಕರೆಯಿಸಿಕೊಳ್ಳುವವರ ಪತ್ರವೋ ಬೇಕು. ಅಂದಮೇಲೆ ಮೊದಲು ಕೋಣೆ, ಆಮೇಲೆ ವೀಸಾ!

ಹಾಗೆಯೇ ಹಳದಿ ಜ್ವರದ ಸೂಜಿ. ಸೋದರಿಯರೇ, ಇದನ್ನು ಗುರುತು ಹಾಕಿಕೊಳ್ಳಿ. ಘಾನಾಕ್ಕೆ ಹೋಗುವವರಿಗೆ ಇದು ಕಡ್ಡಾಯ. ಎಲ್ಲ ಆಸ್ಪತ್ರೆಯಲ್ಲೂ ಹಾಕುವುದಿಲ್ಲ, ಸರ್ಕಾರ ಗೊತ್ತು ಮಾಡಿದ ಕೇಂದ್ರಗಳಲ್ಲಿ ಮಾತ್ರ. ನಾನು ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡೆ. ಸೂಜಿ ಹಾಕಿಸಿಕೊಂಡು ಹತ್ತು ದಿನವಾದ ಮೇಲಷ್ಟೇ ಅದರ ಪತ್ರ ನಡೆಯುತ್ತದೆ. 2016ರಿಂದ ಈಚೆಗೆ ಒಂದೇ ಸೂಜಿ ಜೀವಮಾನಕ್ಕೆ ಸಾಕು. ಆ ಹಳದಿ ಪುಸ್ತಕ ಕಳೆದುಕೊಂಡರೆ ಮರಳಿ ಬರುವಾಗ ನಮ್ಮ ದೇಶದಲ್ಲೇ ಆರು ದಿನದ ತನಕ ಪ್ರತ್ಯೇಕ ಇಟ್ಟಾರು!

ನರ್ಸಮ್ಮ, "ಮೊಟ್ಟೆ ತಿಂದರೆ ಮೈಗೆ ಆಗಿಬರೋದಿಲ್ಲವೇನು?" ಅಂತ ಕೇಳಿದರು. ಕೋಳಿಮೊಟ್ಟೆಯಲ್ಲಿ ಬೆಳೆಸಿದ ಲಸಿಕೆಯಂತೆ ಅದು. "ತಿಂದೇ ಗೊತ್ತಿಲ್ಲರೀ," ಅಂದೆ. ಡಾಕ್ಟರು ಇನ್ನೆರಡು ಮಾತು ಕೇಳಿ, ಸೂಜಿ ಹಾಕಿಸಿ, ಅರ್ಧ ತಾಸು ಕೂಡಿಸಿ ಕಳಿಸಿದರು. ಅತ್ತೆಯವರಿಗೆ ಮೊಟ್ಟೆಯ ಸಂಗತಿ ಹೇಳಿಲ್ಲ, ನೀವೂ ಹೇಳಬೇಡಿ.

ಆ ಲಸಿಕೆಯ ಮೂಲ ಎಲ್ಲಿಯದು ಗೊತ್ತೇ? ಮಗಳು ತನ್ನ ಪುಸ್ತಕ ನೋಡಿ ಹೇಳಿದ್ದು. ಘಾನಾಕ್ಕೆ ಆಗ ಗೋಲ್ಡ್ ಕೋಸ್ಟ್ ಎಂಬ ಹೆಸರು. 1927ರಲ್ಲಿ ಅಲ್ಲಿಯ ಅಸಿಬಿ ಎಂಬ ಮನುಷ್ಯನಿಗೆ ಹಳದಿ ಜ್ವರ ಬಂತು, ಅವನ ರಕ್ತದಿಂದ ವಿಜ್ಞಾನಿಗಳು ರೋಗದ ವಿಷಾಣುವನ್ನು ಬೇರ್ಪಡಿಸಿದರು. ಪುಣ್ಯವಂತ, ಬದುಕಿಕೊಂಡ. ಆ ವಿಷಾಣುವನ್ನೇ ಪಳಗಿಸಿ ಲಸಿಕೆ ಮಾಡಿದ ಮ್ಯಾಕ್ಸ್ ಥೈಲರ್ ಅವರಿಗೆ 1951ರಲ್ಲಿ ನೊಬೆಲ್ ಬಂತು. ನಾನು ಹೆದರಿಕೊಂಡಿದ್ದ ದೇಶದ ಒಬ್ಬನ ರಕ್ತದಿಂದ ಶುರುವಾದ ಔಷಧವೇ ಈಗ ನನ್ನ ತೋಳಿನಲ್ಲಿದೆ.

ಈಗ ಕೋಣೆಯ ಮಾತಿಗೆ ಬರೋಣ. ಅದಕ್ಕೂ ಮೊದಲು ನನಗೆ ಬುದ್ಧಿ ಹೇಳಿದ ಒಬ್ಬಾಕೆಯ ಮಾತು.

ಹರಿಹರದ ಬಸ್‌ಸ್ಟ್ಯಾಂಡಿನಲ್ಲಿ ಕೂತಿದ್ದೆ. ಕೂದಲೆಣ್ಣೆಯ ಬಾಟಲಿಗಳ ಚೀಲ ಹಿಡಿದ ಹಕ್ಕಿಪಿಕ್ಕಿಯ ಹೆಂಗಸೊಬ್ಬಳು ಬಂದು ಅದೇ ಬೆಂಚಿನ ಮೇಲೆ ಕೂತಳು. ನಾಚಿಕೆ ಬಿಟ್ಟು ಹೇಳುತ್ತೇನೆ, ನಾನು ಚೂರು ಸರಿದು ಕೂತೆ. ಅಷ್ಟರಲ್ಲಿ ಮಗಳ ಫೋನು ಬಂತು. ನನ್ನ ಬಾಯಲ್ಲಿ ಆಫ್ರಿಕಾ, ವೀಸಾ ಅಂತ ಕೇಳಿದವಳೇ ಅವಳು, "ಯಾವ ದೇಶಕ್ಕೆ ಹೋಗ್ತೀಯಕ್ಕ? ನಾನು ಮೂರು ದೇಶ ನೋಡಿ ಬಂದಿದೀನಿ," ಅಂದಳು!

ನಿಜ. ದಾವಣಗೆರೆ, ಶಿವಮೊಗ್ಗ, ಮೈಸೂರು ಜಿಲ್ಲೆಗಳ ಹಕ್ಕಿಪಿಕ್ಕಿಗಳು ಎಣ್ಣೆ, ಗಿಡಮೂಲಿಕೆ ಹಿಡಿದುಕೊಂಡು ಎಷ್ಟೋ ವರ್ಷದಿಂದ ಆಫ್ರಿಕಾದ ಊರೂರು ತಿರುಗುತ್ತಾರೆ. 2023ರ ಏಪ್ರಿಲಿನಲ್ಲಿ ಸುಡಾನಿನಲ್ಲಿ ಕಾಳಗ ಹತ್ತಿದಾಗ ಅವರಲ್ಲಿ ಹಲವರು ಅಲ್ಲಿ ಸಿಕ್ಕಿಬಿದ್ದದ್ದು, ಭಾರತ ಸರ್ಕಾರ 'ಆಪರೇಷನ್ ಕಾವೇರಿ' ಮಾಡಿ ಜನರನ್ನು ಕರೆತಂದದ್ದು ನಿಮಗೆ ನೆನಪಿರಬಹುದು. ನಾನು ಅದನ್ನು ಟೀವಿಯಲ್ಲಿ ನೋಡಿ ಮರೆತಿದ್ದೆ. ಶಾಲೆಗೆ ಹೋಗದ ಹೆಂಗಸರು ನಾಲ್ಕು ವಿಮಾನ ಹತ್ತಿ ಇಳಿದು ಬಂದಿದ್ದಾರೆ, ಹೈಸ್ಕೂಲ್ ಓದಿದ ನಾನು ಬೆಂಚಿನ ಮೇಲೆ ಸರಿದು ಕೂರುತ್ತೇನೆ!

ಸರಿದ ಜಾಗವನ್ನು ಮತ್ತೆ ಹತ್ತಿರ ಮಾಡಿಕೊಂಡು, "ಕೋಣೆ ಹೆಂಗೆ ಹಿಡೀತೀರಿ?" ಅಂತ ಕೇಳಿದೆ.

"ಕೋಣೆ ನೋಡಾಕೆ ಹೋದ್ರೆ ಮೊದ್ಲು ಕೋಣೆ ನೋಡಬ್ಯಾಡಕ್ಕ. ನೀರು ನೋಡು, ಒಲೆ ಹಚ್ಚಾಕೆ ಬಿಡ್ತಾರಾ ಕೇಳು. ಆಮೇಲೆ ಮನೆಯೊಡತಿ ಮಕ ನೋಡು. ಪಾಸ್‌ಪೋರ್ಟ್ ಮಾತ್ರ ಮೈಮ್ಯಾಲೇ ಇಟ್ಕೋ, ಮಲಗಿದಾಗ್ಲೂ," ಅಂದಳು. ಬಸ್ಸು ಬಂತು, ಹೋದಳು. ಎಣ್ಣೆ ಕೊಳ್ಳು ಅಂತ ಒಂದು ಮಾತೂ ಅನ್ನಲಿಲ್ಲ. ನಾನೇ ಓಡಿ ಹೋಗಿ ಕಿಟಕಿಯಲ್ಲಿ ಒಂದು ಬಾಟಲಿ ಕೊಂಡೆ.

ಆಕೆಯ ಮಾತನ್ನು ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಬರೆದುಕೊಂಡೆ. ಆ ರಾತ್ರಿಯಿಂದ ನಮ್ಮವರ ಪರೀಕ್ಷೆ ಶುರುವಾಯಿತು.

ರವಿವಾರ ಅವರಿಗೆ ರಜೆ. ಒಂದೊಂದು ರವಿವಾರ ಒಂದೊಂದು ಹೋಟೆಲು ನೋಡಿ, ವಿಡಿಯೋ ಕಾಲ್ ಮಾಡಿ ನನಗೆ ತೋರಿಸುವುದು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಒಂದು ಕಿಲೋ ಟೊಮೆಟೊ ಆರಿಸಿ ತಂದ ಗಂಡಸಲ್ಲ ಅವರು. ಅಂಥವರು ಪರದೇಶದಲ್ಲಿ ಹೆಂಡತಿಗಾಗಿ ಕೋಣೆ ಆರಿಸುತ್ತಿದ್ದಾರೆ ಅಂದರೆ ನೋಡುವ ಹಾಗಿತ್ತು!

ಮೊದಲನೆಯದು ಅಕ್ರಾದ ಓಸು ಎಂಬ ಪೇಟೆಯಲ್ಲಿ. ನಮ್ಮ ದೇಶದ ಬೇಳೆ, ಹಿಟ್ಟು ಸಿಗುವ ಅಂಗಡಿ ಹತ್ತಿರ, ಸಮುದ್ರವೂ ಹತ್ತಿರ. ಕೋಣೆ ಚಂದ, ಆದರೆ ಬಾಡಿಗೆ ಡಾಲರಿನಲ್ಲಿ, ದಿನಕ್ಕೆ ಎಪ್ಪತ್ತೈದು. ರಸ್ತೆಯ ಕಡೆ ಕಿಟಕಿ, ನಡುರಾತ್ರಿಯವರೆಗೆ ಹಾಡು. "ಸಪ್ಪಳದಾಗ ನಿನಗ ನಿದ್ದಿ ಬರಂಗಿಲ್ಲ," ಅಂತ ಅವರೇ ತೆಗೆದುಹಾಕಿದರು. ನನಗೆ ಸಪ್ಪಳದಲ್ಲಿ ನಿದ್ದೆ ಬರುವುದಿಲ್ಲ ಅನ್ನುವುದು ಅವರಿಗೆ ನೆನಪಿತ್ತು!

ಎರಡನೆಯದು ಟೇಮಾದಲ್ಲೇ, ಕಾರ್ಖಾನೆಗೆ ನಡೆದು ಹೋಗುವಷ್ಟು ಹತ್ತಿರ. ದಿನಕ್ಕೆ 250 ಸೇಡಿ. ಸೇಡಿ ಅಂದರೆ ಅಲ್ಲಿಯ ರೂಪಾಯಿ. ನಾವು ವಿಚಾರಿಸಿದಾಗ ಒಂದು ಸೇಡಿಗೆ ನಮ್ಮ ಎಂಟು ರೂಪಾಯಿಯ ಆಸುಪಾಸು. ಆ ಹೆಸರಿನ ಮೂಲ ಕವಡೆಯಂತೆ! ಹಿಂದೆ ಆ ಸೀಮೆಯಲ್ಲಿ ಕವಡೆಯೇ ನಾಣ್ಯ, ಆ ಕವಡೆಗಳಲ್ಲಿ ಎಷ್ಟೋ ಮಾಲ್ಡೀವ್ಸ್ ದ್ವೀಪದ ಕಡಲಿನಿಂದ ನಮ್ಮ ದೇಶದ ಬಂದರುಗಳನ್ನು ಹಾಯ್ದು ಅಲ್ಲಿಗೆ ಹೋದವು. ನಮ್ಮಲ್ಲಿ ಜೋಗತಿಯರ ಕೊರಳಲ್ಲಿ, ಚೌಕಾಬಾರದ ಆಟದಲ್ಲಿ ಉಳಿದ ಕವಡೆ, ಅಲ್ಲಿ ದುಡ್ಡಿನ ಹೆಸರಿನಲ್ಲಿ ಉಳಿದಿದೆ. ಇರಲಿ, ಬಾಡಿಗೆ ಕೇಳಿ ನನಗೆ ಆಸೆಯಾಯಿತು. ಆದರೆ ನನ್ನ ಪ್ರಶ್ನೆಗಳಿದ್ದವಲ್ಲ!

"ಕಿಟಕಿಗೆ ಜಾಳಗಿ ಐತೇನು? ಬೆರಳು ಹಾಕಿ ತೋರಿಸ್ರಿ." ಜಾಳಗಿ ಇತ್ತು, ಮೂಲೆಯಲ್ಲಿ ಅವರ ಬೆರಳಷ್ಟೇ ಅಲ್ಲ, ಮುಷ್ಟಿಯೇ ದಾಟಿತು. ಮಲೇರಿಯಾದ ಸೊಳ್ಳೆ ಕಚ್ಚುವುದು ರಾತ್ರಿ, ಹಳದಿ ಜ್ವರದ್ದು ಹಗಲು. ಎರಡು ಸಲ ಮಲಗಿದ ಮನುಷ್ಯನನ್ನು ಮತ್ತೆ ಅಂಥ ಕೋಣೆಯಲ್ಲಿ ಮಲಗಿಸಲೇ?

"ಕರೆಂಟ್ ಹೋದ್ರ?" ಜನರೇಟರ್ ಇಲ್ಲ. ಅಲ್ಲಿ ಕರೆಂಟು ಹೋಗಿ ಬಂದು ಮಾಡುವುದಕ್ಕೆ 'ದಮ್‌ಸೋರ್' ಅಂತ ಹೆಸರೇ ಇದೆ. ಆರುವುದು, ಹತ್ತುವುದು ಅಂತ ಅರ್ಥ. ನಮ್ಮ ಬೇಸಿಗೆಗೂ ಇಂಥ ಒಂದು ಹೆಸರು ಬೇಕಿತ್ತು ಅಂದುಕೊಂಡೆ.

"ಹಾಸಿಗಿ ಮೂಲಿ ಎತ್ತಿ ತೋರಿಸ್ರಿ." ಎತ್ತಿದರು. ಹೊಲಿಗೆಯ ಉದ್ದಕ್ಕೂ ಕಪ್ಪು ಚುಕ್ಕೆ. ತಿಗಣೆ! ಇದನ್ನು ಅಕ್ರಾದಲ್ಲಷ್ಟೇ ಅಲ್ಲ, ರಾಣೆಬೆನ್ನೂರಿನ ಲಾಡ್ಜಿನಲ್ಲೂ ಮೊದಲು ನೋಡಿಕೊಳ್ಳಿ.

ಮೂರನೆಯದು ಅಕ್ರಾ ಮತ್ತು ಟೇಮಾದ ನಡುವಿನ ಸ್ಪಿಂಟೆಕ್ಸ್ ರಸ್ತೆಯ ಒಳಗಡೆ, ಎಂಟು ಕೋಣೆಯ ಚಿಕ್ಕ ಹೋಟೆಲು. ನಮ್ಮವರಿಗೆ ಐದು ದಿನ ಮಾತ್ರ ರಜೆ, ಉಳಿದ ದಿನ ಅಲ್ಲಿಂದಲೇ ಡ್ಯೂಟಿಗೆ ಹೋಗಬೇಕು. ನಮ್ಮ ಟಂಟಂ ಹಾಗೆ ಮಂದಿ ತುಂಬಿಕೊಂಡು ಹೋಗುವ 'ಟ್ರೋಟ್ರೋ' ಎಂಬ ವ್ಯಾನುಗಳಿವೆ, ಎರಡೂ ಕಡೆಗೂ ಅನುಕೂಲ. ನಡೆಸುವವರು ಒಬ್ಬ ವಯಸ್ಸಾದ ಹೆಂಗಸು.

ನೀರು? ಮಾಳಿಗೆಯ ಮೇಲೆ ದೊಡ್ಡ ಕರಿ ಟ್ಯಾಂಕು. ನಾವು ಸಿಂಟೆಕ್ಸ್ ಅನ್ನುವ ಹಾಗೆ ಅವರು ಪಾಲಿಟ್ಯಾಂಕ್ ಅನ್ನುತ್ತಾರೆ. ಕುಡಿಯಲಿಕ್ಕೆ ಬೇರೆ ನೀರು ಕೊಳ್ಳಬೇಕು. ಜಾಳಗಿ? ಗಟ್ಟಿ. ಜನರೇಟರ್? ಚಿಕ್ಕದು, ಫ್ಯಾನಿಗೆ ಸಾಕು. ರಾತ್ರಿ ಕಾವಲಿಗೆ ಒಬ್ಬ. ಗೋಡೆಯ ಪ್ಲಗ್ಗು ಮಾತ್ರ ಚೌಕಾಕಾರದ ಮೂರು ಕಾಲಿನದು, ನಮ್ಮ ಗುಂಡು ಪಿನ್ನು ಕೂರುವುದಿಲ್ಲ. ಒಂದು ಅಡಾಪ್ಟರ್ ಒಯ್ಯಬೇಕು.

"ಒಲಿ ಹಚ್ಚಾಕ ಬಿಡ್ತಾರೇನು ಕೇಳ್ರಿ."

ಕೋಣೆಯಲ್ಲಿ ಇಲ್ಲ ಅಂದರು ಆಕೆ. ನನ್ನ ಮುಖ ಸಣ್ಣದಾದದ್ದು ಫೋನಿನಲ್ಲೂ ಕಂಡಿತೋ ಏನೋ, ಫೋನು ತಾವೇ ಇಸಿದುಕೊಂಡು ನನ್ನನ್ನು ನೋಡಿ, "ಅಕ್ವಾಬಾ," ಅಂದರು. ಬರ್ರಿ, ಸ್ವಾಗತ ಅನ್ನುವ ಮಾತು. ಆಮೇಲೆ ಇಂಗ್ಲಿಷಿನಲ್ಲಿ ಏನೋ ಕೇಳಿದರು. ನಮ್ಮವರು ಕನ್ನಡ ಮಾಡಿ ಹೇಳಿದರು: "ಮಾಂಸ ತಿನ್ನಂಗಿಲ್ಲ, ಮೀನ ತಿನ್ನಂಗಿಲ್ಲ ಅಂದ್ರ ನಿನ್ನ ಹೆಂಡ್ತಿ ಬದುಕೂದು ಹ್ಯಾಂಗ ಅಂತ ಕೇಳಾಕತ್ತಾರ." ಮೂವರೂ ನಕ್ಕೆವು. ಮುಂಜಾನೆ ಒಂಬತ್ತರ ಮೇಲೆ ಹಿತ್ತಲಿನ ಅಡಿಗೆಮನೆ ಖಾಲಿ ಇರುತ್ತದೆ, ಅಲ್ಲಿ ಮಾಡಿಕೊಳ್ಳಲಿ ಅಂದರು. ದಿನಕ್ಕೆ 400 ಸೇಡಿ ಹೇಳಿದ್ದರು. ಹತ್ತು ದಿನ ಇರುತ್ತೇವೆ, ಮುಂಜಾನೆಯ ಬ್ರೆಡ್ಡು-ಮೊಟ್ಟೆ ನಮಗೆ ಬೇಡ ಅಂದಾಗ 350ಕ್ಕೆ ಇಳಿಸಿದರು. ಚೌಕಾಸಿ ಕನ್ನಡದಲ್ಲಿ ಮಾಡಿದವಳು ನಾನೇ, ನಮ್ಮವರು ಬರೀ ದುಭಾಷಿ.

ಆಕೆಯ ತಾಯಿ ಅಕ್ರಾದ ಮಕೋಲಾ ಮಾರುಕಟ್ಟೆಯಲ್ಲಿ ಬಟ್ಟೆ ಮಾರುತ್ತಿದ್ದವರಂತೆ. ಆ ಮಾರುಕಟ್ಟೆಯ ವ್ಯಾಪಾರವೆಲ್ಲ ಹೆಚ್ಚಾಗಿ ಹೆಂಗಸರದೇ, ಒಂದೊಂದು ಸರಕಿಗೆ ಒಬ್ಬೊಬ್ಬ ಯಜಮಾನಿ. 1979ರಲ್ಲಿ ಅಲ್ಲಿಯ ಸೈನಿಕ ಸರ್ಕಾರದವರು, ಬೆಲೆ ಏರಲು ಈ ಹೆಂಗಸರೇ ಕಾರಣ ಅಂತ ಹೇಳಿ ಮಕೋಲಾವನ್ನು ಕೆಡವಿಹಾಕಿದರು. ಹೆಂಗಸರು ಮತ್ತೆ ಬುಟ್ಟಿ ಹೊತ್ತು ಬಂದು ಕೂತರು. ಮಕೋಲಾ ಇವತ್ತಿಗೂ ಇದೆ. ಎಣ್ಣೆಯ ಚೀಲದವಳು "ಮಕ ನೋಡು" ಅಂದದ್ದು ನೆನಪಾಯಿತು. ನೋಡಿದ್ದೆ. ಅಲ್ಲಿಗೆ ಕೋಣೆ ಗೊತ್ತಾಯಿತು, ವೀಸಾದ ಪತ್ರವನ್ನೂ ಆಕೆಯೇ ಬರೆದು ಕಳಿಸಿದರು.

ಊಟದ ಚಿಂತೆಯೂ ಅರ್ಧ ಇಳಿದಿದೆ. ಅಲ್ಲಿ 'ವಾಚೆ' ಅಂತ ಒಂದು ಅನ್ನ ಮಾಡುತ್ತಾರೆ. ಅಕ್ಕಿ, ಅಲಸಂದೆ ಕೂಡಿಸಿ, ಒಣಗಿಸಿದ ಜೋಳದ ಎಲೆ ಹಾಕಿ ಬೇಯಿಸುವುದು, ಎಲೆಯಿಂದ ಅನ್ನಕ್ಕೆ ಕೆಂಪು ಬಣ್ಣ. ನಮ್ಮಲ್ಲಿ ದನಕ್ಕೆ ಹಾಕುವ ಎಲೆ! ಸಜ್ಜೆಯ ಹಿಟ್ಟಿನ ಅಂಬಲಿಗೆ ಶುಂಠಿ ಹಾಕಿ ಮುಂಜಾನೆ ಕುಡಿಯುತ್ತಾರೆ, ಜೊತೆಗೆ ಅಲಸಂದೆಯ ವಡೆ. ನಮ್ಮ ಮನೆಯದೇ ಊಟ ಅನ್ನಿಸಿತು. ಆದರೆ 'ಶಿಟೊ' ಎಂಬ ಕರಿ ಮೆಣಸಿನಕಾಯಿ ಚಟ್ನಿಗೆ ಒಣಮೀನು, ಸಿಗಡಿ ಹಾಕುತ್ತಾರೆ. ನಮ್ಮಂಥವರು ಕೇಳದೆ ಬಾಯಿಗಿಡಬಾರದು.

ಹಾಗಾಗಿ ನನ್ನ ಬುತ್ತಿ ಹೀಗಿದೆ: ಖಡಕ್ ಜೋಳದ ರೊಟ್ಟಿ ನಲವತ್ತು. ಎರಡು ದಿನ ಮೊದಲೇ ತೆಳ್ಳಗೆ ಬಡಿದು, ಕೆಂಡದಂಥ ಸಣ್ಣ ಉರಿಯಲ್ಲಿ ಬಾಗದ ಹಾಗೆ ಒತ್ತಿ ಒಣಗಿಸಿ, ಪೂರಾ ಆರಿದ ಮೇಲೆ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕಬೇಕು. ಬಿಸಿ ಇದ್ದಾಗ ಮುಚ್ಚಿದರೆ ಬೆವರಿ ಬೂಸು ಹಿಡಿಯುತ್ತದೆ. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಪುಡಿ ಒಂದೊಂದು ಪೊಟ್ಟಣ. ಬಳ್ಳೊಳ್ಳಿ ಹಾಕದೆ ಕುಟ್ಟಿದರೆ ಹೆಚ್ಚು ದಿನ ತಾಳುತ್ತದೆ. ಅವರಿಗೆ ಇಷ್ಟ ಅಂತ ಮಾದ್ಲಿ. ಮನೆಯೊಡತಿಗೆ ಕೊಡಲು ಬ್ಯಾಡಗಿ ಮೆಣಸಿನಕಾಯಿ ಅರ್ಧ ಕಿಲೋ. ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ಜಿಲ್ಲೆಯ ಮೆಣಸಿನಕಾಯಿ ಅಲ್ಲಿಯ ಅಡಿಗೆಯಲ್ಲಿ ಏನು ಮಾಡುತ್ತದೋ ನೋಡೋಣ.

ದೀಪಾವಳಿ ಮುಗಿಸಿಕೊಂಡು ನವೆಂಬರಿನಲ್ಲಿ ಹೊರಡುವುದು. ಅಲ್ಲಿ ಏಪ್ರಿಲಿನಿಂದ ಜೂನ್ ತನಕ ದೊಡ್ಡ ಮಳೆ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಸಣ್ಣ ಮಳೆ. ಡಿಸೆಂಬರ್ ಹೊತ್ತಿಗೆ 'ಹರ್ಮಟಾನ್' ಅಂತ ಸಹಾರಾ ಮರುಭೂಮಿಯ ದೂಳಿನ ಗಾಳಿ. ನಡುವಿನ ನವೆಂಬರೇ ಹಿತ. ದಾರಿಯಲ್ಲಿ ಇಥಿಯೋಪಿಯದ ಆಡಿಸ್ ಅಬಾಬದಲ್ಲಿ ವಿಮಾನ ಬದಲಿಸಬೇಕು. ಡಾಕ್ಟರು ಮಲೇರಿಯಾ ಬಾರದಿರಲು ಗುಳಿಗೆ ಬರೆದಿದ್ದಾರೆ. ಹೊರಡುವ ಮೊದಲೇ ಶುರು ಮಾಡಿ, ಬಂದ ಮೇಲೂ ಅವರು ಹೇಳಿದಷ್ಟು ದಿನ ನುಂಗಬೇಕು. ಊರಿಗೆ ಮರಳಿದ ಮೇಲೆ ಜ್ವರ ಬಂದರೆ, ಆಫ್ರಿಕಾಕ್ಕೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲು ಹೇಳಬೇಕು, ಮುಚ್ಚಿಡಬಾರದು. ಇದನ್ನು ನಾನು ನಮ್ಮವರಿಗೂ ಎರಡು ಸಲ ಒತ್ತಿ ಹೇಳಿದೆ. ಮುಚ್ಚಿಡುವ ಕಲೆ ಅವರಿಗೆ ಚೆನ್ನಾಗಿ ಬರುತ್ತದಲ್ಲ!

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಎರಡನೇ ಸಲ ಬಂದಾಗ ರಾತ್ರಿ ಥಂಡಿ ಹತ್ತಿ ನಡುಗತಿದ್ದೆ. ನಿನಗ ಫೋನ್ ಹಚ್ಚಬೇಕಂತ ಕೈಯಾಗ ಹಿಡಕೊಂಡಿದ್ದೆ. ಅಲ್ಲಿ ನಡುರಾತ್ರಿ ಮೂರು ಗಂಟಿ. ನಿದ್ದಿ ಕೆಡಸೂದು ಬ್ಯಾಡಂತ ಬಿಟ್ಟೆ," ಅಂದರು. ನಾನು ಅಳಲಿಲ್ಲ. "ಇನ್ನ ಮ್ಯಾಲೆ ಕೆಡಸ್ರಿ," ಅಂದೆ.

ಈಗೀಗ ನಮ್ಮ ಫೋನು ಮುಕ್ಕಾಲು ತಾಸು. ಯಾವ ಟ್ರೋಟ್ರೋ, ಎಷ್ಟು ಸೇಡಿ, ಒಗೆದ ಬಟ್ಟೆ ಎಲ್ಲಿ ಹಾಕುವುದು, ಮಠಕ್ಕೆ ಯಾವ ದಿನ ಹೋಗುವುದು. ನೋಡುವವರಿಗೆ ಹೋಟೆಲಿನ ಮಾತು. ಹುಟ್ಟಿದ ವಾರದ ಮೇಲೆ ಹೆಸರಿಡುವ ಪದ್ಧತಿಯಂತೆ ಅಲ್ಲಿ. ಗುರುವಾರ ಹುಟ್ಟಿದ ಹೆಣ್ಣು 'ಯಾ'. ಬ್ರಿಟಿಷ್ ಗವರ್ನರನು ತಮ್ಮ ಜನರ ಪವಿತ್ರ ಚಿನ್ನದ ಪೀಠ ಕೇಳಿದಾಗ 1900ರಲ್ಲಿ ದಂಡು ಕಟ್ಟಿ ಎದುರುನಿಂತ ರಾಣಿ ಯಾ ಅಸಾಂಟೆವಾ ಗುರುವಾರದವಳು. ಅವರ ಕಿತ್ತೂರ ಚೆನ್ನಮ್ಮ ಅನ್ನಿ. ನಾನೂ ಗುರುವಾರದವಳೇ. ನಮ್ಮವರು ಈಗ ಫೋನ್ ಎತ್ತಿದ ಕೂಡಲೇ, "ಏನವ್ವಾ ಯಾ, ಊಟ ಆತು?" ಅನ್ನುತ್ತಾರೆ.

ಎಲ್ಲ ಆಯಿತು, ಒಂದು ಮಾತ್ರ ಕೇಳಲು ಸಂಕೋಚವಾಗಿ ಬಿಟ್ಟಿದ್ದೆ. ಆ ಕೋಣೆಯ ಬಚ್ಚಲಿನಲ್ಲಿ ಶವರ್ ಅಷ್ಟೇ ಇತ್ತು. ನನಗೆ ಬಕೆಟ್ಟಿನಲ್ಲಿ ನೀರು ತುಂಬಿಕೊಂಡು ಚೊಂಬಿನಿಂದ ಹೊಯ್ದುಕೊಂಡರಷ್ಟೇ ಸ್ನಾನ ಆಯ್ತು ಅನ್ನಿಸುವುದು. ಇಷ್ಟೆಲ್ಲ ಓಡಾಡಿದವರಿಗೆ ಇದನ್ನೂ ಹೇಗೆ ಹೇಳಲಿ ಅಂತ ಸುಮ್ಮನಿದ್ದೆ.

ಕಳೆದ ರವಿವಾರ ಮುಂಗಡ ಕೊಡಲು ಹೋದವರು ವಿಡಿಯೋ ಕಾಲ್ ಮಾಡಿದರು. ಬಚ್ಚಲ ಬಾಗಿಲು ತೆಗೆದು ಫೋನು ಕೆಳಗೆ ಮಾಡಿ ತೋರಿಸಿದರು. ನೀಲಿ ಬಕೆಟ್ಟು, ಅದರೊಳಗೆ ಒಂದು ಮಗ್ಗು.

"ಟೇಮಾ ಬಜಾರದಾಗ ತಗೊಂಡೆ. ಈ ಅಮ್ಮಾರ ಹತ್ರ ಇಟ್ಟು ಹೊಂಟೀನಿ. ಮತ್ತೇನು ಬೇಕು ಹೇಳು."

"ಏನಿಲ್ಲ," ಅಂದೆ.

ಚಾದರ ಮಾತ್ರ ಮನೆಯದನ್ನೇ ಒಯ್ಯುತ್ತಿದ್ದೇನೆ.